ಮೂವತ್ತಾರರ ಮೊಡವೆ

ಹದಿನಾರಕ್ಕೆ ಬರದ ಮೊಡವೆ ನನಗೆ ಬಂದದ್ದು ಮೂವತ್ತಾರಕ್ಕೆ. ಅದೂ ಒಂದೋ ಎರಡೋ ಅಲ್ಲ, ಗಲ್ಲದಿಂದ ಕಿವಿಯ ತನಕ, ಮುಟ್ಟಿದರೆ ನೋಯುವಂಥವು. ಜಗಳೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ನೋಟ್ಸ್ ತೋರಿಸಲು ಬಂದ ಒಂಬತ್ತನೇ ಕ್ಲಾಸಿನ ಹುಡುಗಿ ನನ್ನ ಮುಖವನ್ನೇ ನೋಡಿ, "ಮಿಸ್, ನಿಮಗೂ ಬರ್ತಾವಾ ಇವು? ನಮ್ಮವ್ವ ಬೇವಿನೆಲೆ ಅರೆದು ಹಚ್ತಾಳೆ, ತಂದುಕೊಡ್ಲಾ?" ಅಂದಳು. ನಕ್ಕು ಕಳಿಸಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕನ್ನಡಿ ನೋಡಿಕೊಂಡು ಅತ್ತೆ.

ಇದು ಶುರುವಾದದ್ದು ಗೌರಿ ಹಬ್ಬದಿಂದ. ನನ್ನ ತವರು ನ್ಯಾಮತಿ. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟಿದ್ದಾರೆ. ಅವ್ವ ತೀರಿಕೊಂಡ ಮೇಲೆ ತವರು ಅಂದರೆ ನನಗೆ ಅವರೇ. ಆ ವರ್ಷ ಅಣ್ಣ ತಂದ ಬಾಗಿನದ ಮೊರದಲ್ಲಿ ಬಳೆ, ಕುಂಕುಮ, ಬಾಚಣಿಗೆಯ ಜೊತೆ ಹೆಸರಿಲ್ಲದ ಒಂದು ಬಿಳಿ ಡಬ್ಬಿ ಇತ್ತು. ಅತ್ತಿಗೆ ಫೋನಿನಲ್ಲಿ, "ನಾನೇ ಕಲಸಿದ ಕ್ರೀಮು ಕಣೇ. ದಿನಾ ಸಂಜೆ ಮುಖ ತೊಳೆದು ಹಚ್ಚು. ಹೆಂಗೆ ಬೆಳ್ಳಗಾಗ್ತೈತೆ ನೋಡು" ಅಂದರು.

ಅಂಗಡಿಯಲ್ಲಿ ಕೊಂಡಿದ್ದರೆ ಡಬ್ಬಿ ತಿರುಗಿಸಿ ಏನೇನು ಹಾಕಿದ್ದಾರೆಂದು ಓದುತ್ತಿದ್ದೆ. ಮಕ್ಕಳಿಗೂ ಅದನ್ನೇ ಹೇಳುವವಳು ನಾನು. ಆದರೆ ಬಾಗಿನದಲ್ಲಿ ಬಂದದ್ದನ್ನು ಯಾರಾದರೂ ಅನುಮಾನಿಸುತ್ತಾರಾ? ಕಣ್ಣಿಗೊತ್ತಿಕೊಂಡು ಹಚ್ಚಿದೆ. ಮೊದಲ ತಿಂಗಳು ಮುಖ ನಿಜಕ್ಕೂ ಹೊಳೆಯಿತು. ಚಿಕ್ಕಂದಿನಿಂದ ಕರಿಯಮ್ಮ ಅನ್ನಿಸಿಕೊಂಡವಳಿಗೆ ಅದೇನು ಕಡಿಮೆ ಸಂಭ್ರಮವೇ? ಎರಡನೇ ತಿಂಗಳಿಗೆ ಮೊಡವೆ ಎದ್ದವು.

ಬೋರಿನ ನೀರನ್ನು ಬೈದೆ, ಮಿರ್ಚಿ ಬಿಟ್ಟೆ, ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟೆ. ಮೊಡವೆ ಮುಚ್ಚಲು ಫೌಂಡೇಶನ್, ಅದರ ಮೇಲೆ ಪೌಡರು. ಬಳಿದಷ್ಟೂ ಹೆಚ್ಚಾದವು. ಅತ್ತಿಗೆಗೆ ಫೋನು ಮಾಡಿದರೆ, "ಒಳಗಿನ ಕೊಳೆ ಹೊರಗೆ ಬರ್ತೈತೆ ಅಷ್ಟೆ. ನಿಲ್ಲಿಸಬೇಡ" ಅಂದರು. ಆದರೂ ನಾಲ್ಕು ದಿನ ನಿಲ್ಲಿಸಿ ನೋಡಿದೆ. ಖಾರ ಬಳಿದ ಹಾಗೆ ಮುಖ ಉರಿಯಿತು, ಮೊಡವೆ ಇಮ್ಮಡಿಯಾದವು. ಅವರು ಹೇಳಿದ್ದೇ ಸರಿ ಅಂದುಕೊಂಡು ಮತ್ತೆ ಹಚ್ಚಿದೆ. ಎಂಥ ದಡ್ಡಿ ನಾನು! ಡಬ್ಬಿ ಮುಗಿದಾಗ ಕೇಳಿ ಇನ್ನೊಂದು ತರಿಸಿಕೊಂಡೆ.

ಕೊನೆಗೆ ದಾವಣಗೆರೆಯ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು. "ತುರಿಕೆಗೆ ಕೊಡೋ ಸ್ಟೀರಾಯ್ಡ್ ಮುಲಾಮು ಇದರಲ್ಲಿ ಬೆರೆಸಿರೋ ಹಂಗೈತೆ. ಹಚ್ಚಿದರೆ ಮೊಡವೆ, ಬಿಟ್ಟರೆ ಉರಿ, ಎರಡೂ ಅದರಿಂದಲೇ. ಯಾರು ಕೊಟ್ಟರಮ್ಮ?" ಅಂದರು. "ಅಂಗಡಿಯಲ್ಲಿ ತಗೊಂಡೆ" ಅಂತ ಸುಳ್ಳು ಹೇಳಿದೆ. ಉರಿಯುವ ಮುಖ ಹೊತ್ತುಕೊಂಡು ತವರಿನ ಮರ್ಯಾದೆ ಕಾಯ್ದೆ. ವಾಸಿಯಾಗಲು ಬಹಳ ತಿಂಗಳು ಬೇಕು, ಕೆಲವು ಕಲೆ ಉಳಿದರೂ ಉಳಿದಾವು ಅಂದರು.

ಮುಂದಿನ ಭಾನುವಾರ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿಗೆ ಹೋದೆ. ಜಗಳಕ್ಕಲ್ಲ. "ನನಗೆ ಗೊತ್ತಿರಲಿಲ್ಲ" ಅಂತ ಅತ್ತಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಬಸ್ಸಿನುದ್ದಕ್ಕೂ ಅವರ ಪರವಾಗಿ ನಾನೇ ವಾದ ಮಾಡಿಕೊಂಡು ಕೂತಿದ್ದೆ.

ಬಾಗಿಲು ತೆಗೆದದ್ದು ಅಣ್ಣನ ಮಗಳು. ಪಿಯುಸಿ ಓದುತ್ತಾಳೆ, ಬಣ್ಣ ನನ್ನದೇ ಕಪ್ಪು, ಕೆನ್ನೆ ತುಂಬ ಆ ವಯಸ್ಸಿಗೆ ಏಳುವ ಮೊಡವೆ. "ಅಯ್ಯೋ, ಅತ್ತೆ! ಏನಾತು ಮುಖಕ್ಕೆ?" ಅಂತ ಕೈ ಹಿಡಿದುಕೊಂಡಳು. ಅತ್ತಿಗೆ ಒಳಗಿನಿಂದ ಬಂದರು. ಡಾಕ್ಟರು ಹೇಳಿದ್ದನ್ನು ನಿಂತಲ್ಲೇ ಹೇಳಿದೆ.

"ಮುಲಾಮು ಒಂಚೂರು ಹಾಕ್ತೀನಪ್ಪ. ಹಾಕದೇ ಬೆಳ್ಳಗೆ ಮಾಡಾಕೆ ಆಗ್ತೈತಾ?" ಅಂದರು.

"ಮೊಡವೆ ಏಳ್ತಾವೆ ಅಂತ ಗೊತ್ತಿತ್ತಾ?"

"ಕೆಲವರಿಗೆ ಏಳ್ತಾವೆ."

ಪಕ್ಕದಲ್ಲಿ ನಿಂತಿದ್ದ ಹುಡುಗಿಯನ್ನು ತೋರಿಸಿ ಕೇಳಿದೆ: "ಮತ್ತೆ ಇವಳಿಗೆ ಯಾಕೆ ಹಚ್ಚಿಲ್ಲ ಅತ್ತಿಗೆ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿರಬೇಕು.

"ಎಂಥ ಮಾತು ಕೇಳ್ತೀಯೇ," ಅಂದರು. "ಅವಳಿಗಿನ್ನೂ ಮದುವೆ ಆಗಬೇಕಲ್ಲ."