ರಂಗಯ್ಯನವರು ತಿರುಗಿಸಿಟ್ಟ ಬೂಟುಗಳು

ನನಗೊಂದು ಕೆಟ್ಟ ಅಭ್ಯಾಸವಿದೆ. ಮನೆಗೆ ಬಂದವರು ಹೊಸ್ತಿಲಾಚೆ ಬಿಟ್ಟ ಚಪ್ಪಲಿಗಳನ್ನು, ಅವರು ಒಳಗೆ ಕುಳಿತು ಕಾಫಿಯ ನಿರೀಕ್ಷೆಯಲ್ಲಿರುವಾಗ, ನಾನು ಸದ್ದಿಲ್ಲದೆ ಹೊರಗೆ ಹೋಗಿ ಜೋಡಿ ಮಾಡಿ, ಮೂತಿ ಬೀದಿಯ ಕಡೆಗೆ ಬರುವಂತೆ ತಿರುಗಿಸಿಡುತ್ತೇನೆ. ಹೊರಡುವ ಹೊತ್ತಿಗೆ ಅತಿಥಿಗಳು ಹಿಂದುಮುಂದಾಗಿ ತಡಕಾಡದೆ, ಕಾಲು ತೂರಿಸಿ ನೆಟ್ಟಗೆ ನಡೆಯಲಿ ಎಂಬುದಷ್ಟೇ ನನ್ನ ಸದುದ್ದೇಶ. ಆದರೆ ನನ್ನ ಸದುದ್ದೇಶಗಳಿಗೆ ಭಾಷ್ಯ ಬರೆಯುವ ಅಧಿಕಾರ ಮದುವೆಯಾದಂದಿನಿಂದ ನನ್ನ ಹೆಂಡತಿಯದು. "ಬಂದೋರ ಚಪ್ಲೀನ ಬೀದಿ ಕಡೆ ತಿರುಗ್ಸಿಟ್ರೆ ಏನರ್ಥ ಹೇಳಿ? ಕಾಫಿ ಕುಡಿದಿದ್ದಾಯ್ತು, ಇನ್ನು ಎದ್ದೇಳಿ ಅಂದಂಗಲ್ವಾ?" ಎಂದು ಅವಳು ಕೇಳುತ್ತಾಳೆ. ಎರಡು ದಿನ ಇದ್ದು ಹೋಗುತ್ತೇನೆಂದು ಬಂದ ನನ್ನ ಭಾವಮೈದ ಅದೇ ಸಂಜೆಯ ಬಸ್ಸಿಗೆ ಹೊರಟುಹೋದದ್ದಕ್ಕೂ ಈ ಅಭ್ಯಾಸವೇ ಕಾರಣವೆಂದು ಮನೆಯಲ್ಲಿ ತೀರ್ಪಾಗಿದೆ. ಆ ಫಲ ನನಗೆ ಅಷ್ಟೇನೂ ಅಪ್ರಿಯವಾಗಿರಲಿಲ್ಲ ಎಂಬುದನ್ನು ನಿಮ್ಮೊಬ್ಬರಿಗೆ ಮಾತ್ರ ಹೇಳುತ್ತಿದ್ದೇನೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ನನ್ನ ತಂದೆಯಲ್ಲ, ಗುರುಗಳಲ್ಲ, ಬ್ಯಾಕ್ ರಂಗಯ್ಯನವರು. ಕಾಲ್ಚೆಂಡಾಟದಲ್ಲಿ ಗೋಲು ಕಾಯುವ ಗೋಲಿಯ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವನಿಗೆ ಬ್ಯಾಕ್ ಎನ್ನುತ್ತಾರೆ. ಗುಬ್ಬಿ ಸೀಮೆಯ ಕಡಬದ ಈ ರಂಗಯ್ಯನವರು ಬೆಂಗಳೂರಿನ ಒಂದು ಬಟ್ಟೆ ಗಿರಣಿಯ ತಂಡದಲ್ಲಿ ಹನ್ನೆರಡು ವರ್ಷ, ಪಾದಕ್ಕೆ ಬರಿಯ ಬಟ್ಟೆ ಸುತ್ತಿಕೊಂಡು, ಬ್ಯಾಕ್ ಆಡಿದವರು. ಹನ್ನೆರಡು ವರ್ಷದಲ್ಲಿ ಅವರು ಹೊಡೆದ ಗೋಲು ಒಂದೇ. ಅದೂ ತಮ್ಮದೇ ತಂಡದ ಗೋಲಿನೊಳಕ್ಕೆ. ತಡೆಯುವವನ ಬಾಳು ಅಂಥದು. ತಡೆದದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ತಪ್ಪಿಸಿಕೊಂಡು ಹೋದದ್ದನ್ನು ಊರೆಲ್ಲ ಆಡಿಕೊಳ್ಳುತ್ತದೆ. ಮೇಷ್ಟರ ವೃತ್ತಿಯೂ ಹೆಚ್ಚು ಕಡಿಮೆ ಹಾಗೆಯೇ ಆದ್ದರಿಂದ ನನಗೆ ಅವರ ಮೇಲೆ ಮೊದಲಿನಿಂದಲೂ ಮಮತೆ.

ರಂಗಯ್ಯನವರಿಗೆ ಆಟ ಕಲಿಸಿದವನು ಗಿರಣಿಯ ನೂಲುವ ವಿಭಾಗದಲ್ಲಿದ್ದ ಒಬ್ಬ ಸ್ಕಾಟ್ಲೆಂಡಿನ ದೊರೆ. ಆತನೂ ತನ್ನ ಸೀಮೆಯಲ್ಲಿ ಬ್ಯಾಕ್ ಆಡಿ, ಕಾಲು ಸೋತ ಮೇಲೆ ಹೆಸರಿಲ್ಲದ ಸಣ್ಣ ಊರುಗಳ ತಂಡಗಳನ್ನು ನಡೆಸಿ, ಕೊನೆಗೆ ಸಮುದ್ರ ದಾಟಿ ನೂಲು ನೋಡಿಕೊಳ್ಳಲು ಬಂದವನು. ಅವನು ಹೇಳಿದ್ದೆಂದು ರಂಗಯ್ಯನವರು ಎರಡು ಮಾತನ್ನು ಮಂತ್ರದಂತೆ ಜಪಿಸುತ್ತಿದ್ದರು. ಒಂದು, ಎದುರಾಳಿಯ ಕಾಲು ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ, ಆದ್ದರಿಂದ ಸೊಂಟ ನೋಡು ಎಂಬುದು. ಇನ್ನೊಂದನ್ನು ಅವರ ಮಾತಿನಲ್ಲೇ ಕೇಳಬೇಕು: "ದೊಡ್ಡ ತಂಡ ನಡ್ಸೋನು ಗೆಲ್ಲುಸ್ಬೇಕು ಮೇಷ್ಟ್ರೆ. ನಮ್ಮಂತಾ ಸಣ್ಣ ತಂಡ ನಡ್ಸೋನು ಬರೋ ಭಾನ್ವಾರಕ್ಕೂ ಹನ್ನೊಂದು ಜನ ಬರೋ ಹಂಗೆ ನೋಡ್ಕಂಡ್ರೆ ಸಾಕು." ಆ ದೊರೆ ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದನೋ ನಾನರಿಯೆ, ಗುಬ್ಬಿಗೆ ಬರುವಷ್ಟರಲ್ಲಿ ಅದು ಅಪ್ಪಟ ಗುಬ್ಬಿಯ ಮಾತಾಗಿತ್ತು.

ಮಂಡಿ ಕೆಟ್ಟು ಗಿರಣಿ ಬಿಟ್ಟ ರಂಗಯ್ಯನವರು ಗುಬ್ಬಿಗೆ ಬಂದು ಮಂಡಿಯಲ್ಲೇ ಕೆಲಸಕ್ಕೆ ಸೇರಿದರು. ಮೊದಲನೆಯದು ಕಾಲಿನದು, ಎರಡನೆಯದು ಬಸಪ್ಪನವರ ತೆಂಗಿನಕಾಯಿಯದು. ಬಸಪ್ಪನವರು ಊರಿನ ಫುಟ್‌ಬಾಲ್ ತಂಡದ ಅಧ್ಯಕ್ಷರೂ ಆಗಿದ್ದುದರಿಂದ ತಂಡ ನಡೆಸುವ ಹೊಣೆ ರಂಗಯ್ಯನವರ ಹೆಗಲಿಗೆ ಬಿತ್ತು. ಕನ್ನಡ ನಾಡೆಲ್ಲ ಒಂದುಗೂಡಿ ಒಂದೆರಡು ವರ್ಷವಾಗಿದ್ದ ಕಾಲ ಅದು. ನಾನು ಆಗಷ್ಟೇ ಅಲ್ಲಿನ ಹೈಸ್ಕೂಲಿಗೆ ಮೇಷ್ಟರಾಗಿ ಹೋಗಿದ್ದೆ. ಉದ್ದಕ್ಕಿದ್ದೇನೆ, ಓಡಲಾರೆ ಎಂಬ ಎರಡು ಅರ್ಹತೆಗಳನ್ನು ಗುರುತಿಸಿ ರಂಗಯ್ಯನವರು ನನ್ನನ್ನು ಗೋಲಿಯಾಗಿ ನಿಲ್ಲಿಸಿದರು.

ನಮ್ಮ ಮೈದಾನದ ವಿಷಯವನ್ನು ಇಲ್ಲಿ ಹೇಳಲೇಬೇಕು. ಸುಗ್ಗಿಯ ಎರಡು ತಿಂಗಳು ಅದು ರಾಗಿ ಕಣ. ಮಿಕ್ಕ ಹತ್ತು ತಿಂಗಳು ನಮ್ಮ ಆಟದ ಬಯಲು. ಕಣವನ್ನು ಚಪ್ಪಲಿ ಮೆಟ್ಟಿ ತುಳಿಯುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ರಾಗಿ ಇರಲಿ ಇಲ್ಲದಿರಲಿ, ಆಟಗಾರರೆಲ್ಲ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಕಾಲಿಡುತ್ತಿದ್ದರು. ನಾವು ಆಡುತ್ತಿರುವಾಗ ರಂಗಯ್ಯನವರು ತಾವೂ ಬರಿಗಾಲಿನಲ್ಲಿ ಅಂಚಿನುದ್ದಕ್ಕೂ ಕುಂಟುತ್ತ ನಡೆದು, ಚೆಲ್ಲಾಪಿಲ್ಲಿಯಾಗಿ ಬಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ ರಸ್ತೆಯ ಕಡೆ ತಿರುಗಿಸಿಡುತ್ತಿದ್ದರು. ದಣಿದು ಬಂದವರು ಬಗ್ಗುವ ಗೋಜಿಲ್ಲದೆ ಮೆಟ್ಟಿಕೊಂಡು ಹೋಗಲಿ ಎಂದು. ಮಂಡಿಯ ಬಾಗಿಲಲ್ಲಿ ವರ್ತಕರು ಬಿಟ್ಟ ಚಪ್ಪಲಿಗಳಿಗೂ ಅವರಿಂದ ಅದೇ ಸೇವೆ ಸಲ್ಲುತ್ತಿತ್ತು. ಮುಂದಿನವನು ಎತ್ತ ಹೋಗುತ್ತಾನೆಂದು ಮೊದಲೇ ಊಹಿಸುವುದು ಬ್ಯಾಕ್ ಆಡಿದವನ ಮೈಗೆ ಹತ್ತಿದ ಗುಣವಿರಬೇಕು.

ಇಷ್ಟೆಲ್ಲ ಭಕ್ತಿಯಿಂದ ಆಡಿದ ನಾವು ಜಿಲ್ಲೆಯ ಎರಡನೆಯ ದರ್ಜೆಯ ಪಂದ್ಯಗಳಲ್ಲಿ ಮೂರು ವರ್ಷ ಒಂದನ್ನೂ ಬಿಡದೆ ಸೋತೆವು. ಬಸಪ್ಪನವರಿಗೆ ಮಂಡಿಯಲ್ಲಿ ತಲೆಯೆತ್ತಿ ಕೂರುವುದು ಕಷ್ಟವಾಯಿತು. ಕಾಯಿ ತಂದವರೆಲ್ಲ ಎಷ್ಟು ಗೋಲಿನಲ್ಲಿ ಸೋತಿರಿ ಎಂದು ಮೊದಲು ಕೇಳಿ, ಆಮೇಲೆ ವ್ಯಾಪಾರಕ್ಕೆ ಬರುತ್ತಿದ್ದರು. ನಾಲ್ಕನೆಯ ವರ್ಷ ಬಸಪ್ಪನವರು ಖಂಡಿತವಾಗಿ ಹೇಳಿಬಿಟ್ಟರು: "ನೋಡು ರಂಗಯ್ಯ, ಈ ಸಲ ಮೊದಲ್ನೇ ಮ್ಯಾಚು ಸೋತ್ರೆ ತಂಡ ಮುಚ್ಚಾಕ್ಬುಡಾನ. ನಾನೇ ತುಮಕೂರಿಗೆ ಬಂದು ನೋಡ್ತೀನಿ." ರಂಗಯ್ಯನವರು ತಲೆಯಾಡಿಸಿದರು. ಅಂದು ಸಂಜೆ ಮೈದಾನಕ್ಕೆ ಬಂದವರು ಬಹಳ ಹೊತ್ತು ಚಪ್ಪಲಿಗಳ ಬಳಿಯೇ ಕುಳಿತಿದ್ದರು. ಹೆಂಡತಿ ಮಕ್ಕಳಿಲ್ಲದ ಆ ಮನುಷ್ಯನಿಗೆ ಆ ಹನ್ನೊಂದು ಜೊತೆ ಚಪ್ಪಲಿಯ ಹೊರತು ಬೇರೆ ಸಂಸಾರವಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ, ಹೊಳೆದಾಗ ಸಂಕಟವಾಯಿತು.

ಸಾಲದ್ದಕ್ಕೆ ಆ ವರ್ಷ ಜಿಲ್ಲೆಯ ಪಂದ್ಯಗಳಿಗೆ ಹೊಸದೊಂದು ನಿಯಮ ಬಂತು. ಬೂಟಿಲ್ಲದೆ ಯಾರೂ ಆಡುವಂತಿಲ್ಲ. ರಂಗಯ್ಯನವರು ಬೆಂಗಳೂರಿನ ಗುಜರಿ ಬಜಾರಿನಿಂದ ಹನ್ನೊಂದು ಜೊತೆ ಹಳೆಯ ಬೂಟುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದರು. ಕಣದಲ್ಲಿ ಬೂಟು ಹಾಕುವ ಮಾತೇ ಇಲ್ಲವಲ್ಲ. ಹಾಗಾಗಿ ಒಣಗಿದ ಕೆರೆಯಂಗಳದಲ್ಲಿ ಒಂದು ತಿಂಗಳು ಬೂಟುನಡಿಗೆಯ ಅಭ್ಯಾಸ ನಡೆಯಿತು. ಅಲ್ಲಿ ಗೋಲುಕಂಬವಿಲ್ಲ, ಗೆರೆಯಿಲ್ಲ. ನಾವು ಬಿದ್ದೆವು, ಎದ್ದೆವು, ಬೊಕ್ಕೆಗಳೆದ್ದವು, ಒಡೆದವು, ಕೊನೆಗೆ ಚೆಂಡನ್ನು ಒದೆಯುವಷ್ಟು ಪಳಗಿದೆವು.

ಪಂದ್ಯದ ದಿನ ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲೇ ಬೂಟು ಬಿಗಿದು, ಟಕಟಕ ಸದ್ದು ಮಾಡುತ್ತ, ಮದುವಣಿಗರಂತೆ ಮೈದಾನದವರೆಗೂ ನಡೆದೆವು. ಎದುರಾಳಿಗಳು ಕುಣಿಗಲ್ಲಿನವರು; ಅವರ ಬೂಟುಗಳು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಬಸಪ್ಪನವರು ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಆಗಲೇ ಕುಳಿತಿದ್ದರು. ಸುಣ್ಣದ ಗೆರೆಯೂ ಗೋಲುಕಂಬವೂ ಕಂಡದ್ದೇ ತಡ, ಏನಾಯಿತೆಂದು ಹೇಗೆ ಹೇಳಲಿ? ಮೊದಲು ಕುಳಿತು ಲೇಸು ಬಿಚ್ಚಿದವನು ನಾನೇ, ಬಿ.ಎ. ಓದಿದ ಮೇಷ್ಟರು. ನನ್ನ ಹಿಂದೆ ಹತ್ತು ಮಂದಿಯೂ ಸಾಲಾಗಿ ಕುಳಿತು, ಅಷ್ಟು ಕಷ್ಟಪಟ್ಟು ಬಿಗಿದಿದ್ದ ಬೂಟುಗಳನ್ನು ಅಷ್ಟೇ ಕಷ್ಟಪಟ್ಟು ಬಿಚ್ಚಿ ಗೆರೆಯಾಚೆ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಒಳಗೆ ನಡೆದೆವು. ನಮ್ಮನ್ನು ತಡೆಯಬೇಕಾದ ರಂಗಯ್ಯನವರು ಏನು ಮಾಡುತ್ತಿದ್ದರೆನ್ನುತ್ತೀರಿ? ತಮ್ಮ ಚಪ್ಪಲಿಯನ್ನೂ ಬಿಟ್ಟು, ಆ ಬೂಟುಗಳನ್ನು ಒಂದೊಂದಾಗಿ ರಸ್ತೆಯ ಕಡೆ ತಿರುಗಿಸಿಡುತ್ತಿದ್ದರು.

ರೆಫರಿ ಸೀಟಿ ಊದಿದ. ಐದು ನಿಮಿಷದೊಳಗೆ ಬೂಟು ಹಾಕದಿದ್ದರೆ ಪಂದ್ಯ ಕುಣಿಗಲ್ಲಿನವರದೇ ಎಂದ. ಸುತ್ತಲಿನ ಜನ ನಗತೊಡಗಿದರು. ಬಸಪ್ಪನವರು ಮುಖ ಆಚೆ ತಿರುಗಿಸಿದರು. ಹನ್ನೊಂದು ಮಂದಿಯೂ ಓಡಿಬಂದು, ಮೈದಾನಕ್ಕೆ ಬೆನ್ನು ಮಾಡಿ, ಕೈಗೆ ಸಿಕ್ಕಿದ ಬೂಟಿನೊಳಗೆ ಕಾಲು ತುರುಕಿದೆವು. ಯಾರ ಬೂಟು ಯಾರ ಕಾಲಿನಲ್ಲಿತ್ತೋ ದೇವರಿಗೇ ಗೊತ್ತು. ನನಗಂತೂ ಎರಡೂ ಎಡಗಾಲಿನವೇ ಸಿಕ್ಕಿದ್ದವು.

ರಂಗಯ್ಯನವರ ಮುಖ ಸುಣ್ಣದ ಗೆರೆಯಷ್ಟೇ ಬೆಳ್ಳಗಾಗಿತ್ತು. ತಪ್ಪು ತಮ್ಮದೂ ಹೌದೆಂದು ಅವರಿಗೆ ಗೊತ್ತಿತ್ತು. ಆದರೂ ದನಿ ಏರಿಸಲಿಲ್ಲ. "ಯಾರೂ ಓಡ್ಬ್ಯಾಡಿ. ಈ ಬೂಟ್ನಾಗೆ ಓಡುದ್ರೆ ಬೀಳ್ತೀರ. ಗೋಲ್ ಮುಂದೆ ನಿಂತ್ಕಳಿ, ಅವ್ರೇ ಬರ್ಲಿ. ಸೊಂಟ ನೋಡಿ, ಸಾಕು," ಎಂದರು. ಹನ್ನೊಂದು ಮಂದಿಯೂ ಬ್ಯಾಕುಗಳಾದ ತಂಡವನ್ನು ಜಿಲ್ಲೆ ಅಂದು ಮೊದಲ ಬಾರಿ ನೋಡಿತು. ಕುಣಿಗಲ್ಲಿನವರು ಬಂದರು, ಡಿಕ್ಕಿ ಹೊಡೆದರು, ಹಿಂದೆ ಹೋದರು, ಮತ್ತೆ ಬಂದರು. ನಾವು ನಿಂತೇ ಇದ್ದೆವು. ಕೊನೆಯ ಗಳಿಗೆಯಲ್ಲಿ ಅವರವನೊಬ್ಬ ನನ್ನೆದುರಿಗೆ ಒಬ್ಬನೇ ಬಂದ. ನಾನು ಶ್ರದ್ಧೆಯಿಂದ ಅವನ ಸೊಂಟ ನೋಡಿ ಬಲಕ್ಕೆ ಹಾರಲು ನಿರ್ಧರಿಸಿದೆ. ನನ್ನ ಎರಡು ಎಡಗಾಲಿನ ಬೂಟುಗಳು ತೊಡರಿಕೊಂಡು ನನ್ನನ್ನು ಎಡಕ್ಕೆ ಕೆಡವಿದವು. ಚೆಂಡೂ ಅಲ್ಲಿಗೇ ಬಂದು ಎದೆಗೆ ಬಡಿದು ಹೊರಗೆ ಹೋಯಿತು. ಇದನ್ನು ಚಾಣಾಕ್ಷತೆಯೆಂದು ನಾನು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ.

ಇಬ್ಬರದೂ ಸೊನ್ನೆ. ನಾವು ಗೆಲ್ಲಲಿಲ್ಲ; ಆದರೆ ಸೋಲಲೂ ಇಲ್ಲ. ಮೂರು ವರ್ಷದ ಮೇಲೆ ನಮ್ಮ ಹೆಸರಿನ ಮುಂದೆ ಒಂದು ಅಂಕ ಬಿತ್ತು. ಬಸಪ್ಪನವರು ಕುರ್ಚಿಯಿಂದೆದ್ದರು. ಹೊರಟೇಬಿಟ್ಟರೆಂದುಕೊಂಡೆವು. ಅವರು ಗೆರೆಯವರೆಗೂ ಬಂದು, ತಮ್ಮ ಜರ್ಬಿನ ಚಪ್ಪಲಿಗಳನ್ನು ಕಳಚಿ, ಕಷ್ಟಪಟ್ಟು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಒಳಗೆ ನಡೆದು ಬಂದರು. ರಂಗಯ್ಯನವರು ಎಂದಿನಂತೆ ಆ ಚಪ್ಪಲಿಗಳ ಬಳಿ ಬಗ್ಗಿದರು. ಜೋಡಿ ಮಾಡಿದರು. ಆದರೆ ತಿರುಗಿಸಲಿಲ್ಲ, ಮೂತಿ ಮೈದಾನದ ಕಡೆಗೇ ಇರುವಂತೆ ಬಿಟ್ಟು ಎದ್ದರು.

"ಏನ್ ರಂಗಯ್ಯ, ಎಲ್ರವೂ ತಿರುಗ್ಸಿಡೋನು ನನ್ನವ ಹಂಗೇ ಬುಟ್ಟಿದೀಯ?" ಎಂದರು ಬಸಪ್ಪನವರು.

"ತಾವು ವಾಪಸ್ ಹೋಗೋದು ನಂಗಿಷ್ಟ ಇಲ್ಲ ಯಜಮಾನ್ರೆ."

ಬಸಪ್ಪನವರು ನನ್ನ ಎರಡು ಎಡಗಾಲಿನ ಬೂಟುಗಳನ್ನು ನೋಡಿದರು. "ಬರೋ ವರ್ಷಕ್ಕೆ ಅಳತೆ ಕೊಟ್ಟು ಬೂಟು ಮಾಡ್ಸಾನ," ಎಂದರು. ನಮ್ಮ ತಂಡ ಉಳಿಯಿತು.

ಮರುವರ್ಷ ಎರಡು ಪಂದ್ಯ ಗೆದ್ದೆವು. ಆಮೇಲೆ ನನಗೆ ತುಮಕೂರಿಗೆ ವರ್ಗವಾಯಿತು. ರಂಗಯ್ಯನವರು ಗುಬ್ಬಿಯ ತಂಡವನ್ನು ತಾವೇ ತಯಾರು ಮಾಡಿದವನೊಬ್ಬನ ಕೈಗಿತ್ತು, ಕಡಬದಲ್ಲಿ ಹೊಸ ತಂಡ ಕಟ್ಟಿದರು. ಕಪ್ ಗೆದ್ದ ಸುದ್ದಿ ಎಲ್ಲಿಂದಲೂ ಬರಲಿಲ್ಲ. ಹನ್ನೊಂದು ಜನ ಬರುತ್ತಿದ್ದಾರೆಂಬ ಸುದ್ದಿ ಮಾತ್ರ ಬರುತ್ತಲೇ ಇತ್ತು.

ಕಳೆದ ವಾರ ಅವರೇ ನಮ್ಮ ಮನೆಗೆ ಬಂದರು. ತಲೆ ಪೂರ್ತಿ ನೆರೆತಿದೆ, ಮಂಡಿ ಇನ್ನಷ್ಟು ಕೆಟ್ಟಿದೆ, ಬಗಲಲ್ಲಿ ಒಂದು ಗೋಣಿಚೀಲ. ಹುಲಿಯೂರುದುರ್ಗದವರು ತಂಡ ನಡೆಸಲು ಕರೆದಿದ್ದಾರಂತೆ, ಹನ್ನೆರಡು ಗಂಟೆಯ ಬಸ್ಸಿಗೆ ಹೋಗಬೇಕಂತೆ. "ಗೋಲ್ ಕಂಬ ಇನ್ನೂ ನೆಟ್ಟಿಲ್ವಂತೆ ಮೇಷ್ಟ್ರೆ. ಅದೇನ್ ಬುಡಿ, ಆಮೇಲ್ ನೆಟ್ರಾಯ್ತು. ಹನ್ನೊಂದು ಜನ ಅವ್ರಂತೆ," ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು ನೀವು. ಐವತ್ತು ದಾಟಿದ ಮನುಷ್ಯ ನಾಳೆಯನ್ನು ಅಷ್ಟು ಆಸೆಯಿಂದ ಎದುರುನೋಡುವುದನ್ನು ಕಂಡು ನನಗೆ ಹೊಟ್ಟೆಕಿಚ್ಚೇ ಆಯಿತು.

ಅವರು ಕಾಫಿ ಕುಡಿಯುತ್ತಿದ್ದಾಗ ನಾನು ಅಭ್ಯಾಸಬಲದಿಂದ ಹೊರಗೆ ಹೋಗಿ, ಅವರ ಸವೆದ ಚಪ್ಪಲಿಗಳನ್ನು ಬೀದಿಯ ಕಡೆ ತಿರುಗಿಸಿಟ್ಟೆ. ಎರಡು ಹೆಜ್ಜೆ ಒಳಗೆ ಬಂದವನು ನಿಂತೆ. ಮತ್ತೆ ಹೋಗಿ, ಮೂತಿ ಮನೆಯ ಕಡೆಗೆ ಬರುವಂತೆ ತಿರುಗಿಸಿದೆ. ಅಡುಗೆಮನೆಯ ಬಾಗಿಲಿನಿಂದ ಇದನ್ನೆಲ್ಲ ನೋಡುತ್ತಿದ್ದ ನನ್ನ ಹೆಂಡತಿ ಅಂದು ಯಾವ ಭಾಷ್ಯವನ್ನೂ ಬರೆಯಲಿಲ್ಲ.

ಹೊರಡುತ್ತೇನೆಂದು ಎದ್ದ ರಂಗಯ್ಯನವರು ಹೊಸ್ತಿಲವರೆಗೆ ಬಂದು, ಚಪ್ಪಲಿಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹೆಗಲಿನ ಚೀಲವನ್ನು ನಿಧಾನವಾಗಿ ಕೆಳಗಿಳಿಸಿದರು.

"ಮೂರು ಗಂಟೆಗೂ ಒಂದು ಬಸ್ ಐತೆ ಅಲ್ವಾ ಮೇಷ್ಟ್ರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಕುಳಿತರು. ನನ್ನ ಹೆಂಡತಿ ಇನ್ನೊಂದು ಪಾವು ಅಕ್ಕಿ ಅಳೆಯಲು ಹೋದಳು.