ಗಾಡಿ ಹಿಂದೆ ನಿಲ್ಲುವ ಕೆಲಸ

ಸ್ನೇಹಿತರೇ, ಇವತ್ತು ಹಾಸನದ ಕಾರ್ ಶೋರೂಮಿನಲ್ಲಿ ನಮ್ಮ ಅಣ್ಣ ಬೇಸಿಕ್ ಮಾಡೆಲ್ಲೇ ಸಾಕು ಅಂತ ಪಟ್ಟು ಹಿಡಿದು ಕೂತ. ಅತ್ತಿಗೆಗೆ ಹಿಂದೆ ಕ್ಯಾಮೆರಾ ಇರುವ ಟಾಪ್ ಮಾಡೆಲ್ಲೇ ಬೇಕು.

"ಕ್ಯಾಮೆರಾ ಯಾಕೆ ಕಣೇ? ರಿವರ್ಸ್ ತೆಗೆಯೋವಾಗ ಹಿಂದ್ಗಡೆ ನೋಡಕ್ಕೆ ನೀನಿದ್ದೀಯಲ್ಲ" ಅಂದ ಅಣ್ಣ.

ಅತ್ತಿಗೆ ದನಿ ಏರಿಸಲಿಲ್ಲ. "ಅದಕ್ಕೇ ಕೇಳ್ತಿರೋದು. ಮದುವೆ ಆದಾಗಿಂದ ನಿಮ್ಮ ಹಳೇ ವ್ಯಾನಿನ ಹಿಂದೆ ನಿಂತು 'ಬರ್ಲಿ, ಬರ್ಲಿ' ಅಂತ ಕೂಗಿದೀನಿ. ಚನ್ನರಾಯಪಟ್ಟಣದ ಛತ್ರದ ಮುಂದೆ ರೇಷ್ಮೆ ಸೀರೆ ಎತ್ಕೊಂಡು ಕೆಸರಿಗೆ ಇಳಿದಿದೀನಿ. ಗಾಡಿ ತಾಗಿದ್ರೆ ಬೈಗುಳ ನಂಗೆ. ತಾಗದೆ ಇದ್ರೆ ಒಳ್ಳೇ ಡ್ರೈವರ್ರು ಅಂತ ಹೆಸರು ನಿಮ್ಗೆ. ಇನ್ಮೇಲೆ ಕ್ಯಾಮೆರಾನ ಬೈಕಳಿ."

ನಮ್ಮ ಮನೆಯಲ್ಲಿ ಇದನ್ನು ಯಾರೂ ಒಂದು ಕೆಲಸ ಅಂತ ಎಣಿಸಿಯೇ ಇರಲಿಲ್ಲ.

ಶೋರೂಮಿನ ಹುಡುಗಿ ನಗು ತಡೆದುಕೊಂಡು, "ಓಡಿಸಿ ನೋಡಿ ಸರ್" ಅಂತ ಟಾಪ್ ಮಾಡೆಲ್ ಕೀ ಕೊಟ್ಟಳು. ಅಣ್ಣ ರಿವರ್ಸ್ ಹಾಕಿದ. ಹಿಂದಿನ ಕಾಂಪೌಂಡ್ ಗೋಡೆ ಪರದೆಯ ಮೇಲೆ ಸ್ಪಷ್ಟವಾಗಿ ಕಾಣಿಸಿತು. ಆದರೂ ಅವನಿಗೆ ಧೈರ್ಯ ಬರಲಿಲ್ಲ.

"ಒಸಿ ಇಳಿದು ನೋಡೇ" ಅಂದ.

ಪಕ್ಕದಲ್ಲಿದ್ದ ಅತ್ತಿಗೆ ಸೀಟ್ ಬೆಲ್ಟ್ ಬಿಚ್ಚದೆ ಸುಮ್ಮನೆ ಕೂತರು. ಕೊನೆಗೆ ಅಣ್ಣನೇ ಇಳಿದು ಹೋಗಿ, ಗೋಡೆ ಎಷ್ಟು ದೂರ ಇದೆ ಅಂತ ನೋಡಿ ಬಂದ.

ಟಾಪ್ ಮಾಡೆಲ್ಲೇ ಬುಕ್ ಆಯಿತು. ಬಣ್ಣ ಯಾವುದಿರಲಿ ಅಂತ ಅಣ್ಣ ಕೇಳಿದ.

"ಯಾವ್ದಾದ್ರೂ ಆಗ್ಲಿ" ಅಂದರು ಅತ್ತಿಗೆ. "ನಾನಂತೂ ಒಳಗೇ ಕೂತಿರ್ತೀನಿ."