ಔಡಲೆಣ್ಣೆ ಕುಡಿಸದೆ ನಿಂತ ರೆಹಮತ್‌ಬಿ

ಬೆಳಗಿನ ಐದೂವರೆ. ಹುಬ್ಬಳ್ಳಿಯ ಹೆಂಗಸರ ದವಾಖಾನೆಯೊಂದರ ಹೆರಿಗೆ ವಾರ್ಡಿನಲ್ಲಿ ಆಯಾ ರೆಹಮತ್‌ಬಿ ಬಿಸಿ ಹಾಲಿಗೆ ಔಡಲೆಣ್ಣೆ ಬೆರೆಸುತ್ತಾಳೆ. ಏಳನೆಯ ಮಂಚದ ಮಂದಾಕಿನಿಗೆ ಆರಕ್ಕೆ ಇದನ್ನು ಕುಡಿಸಬೇಕು. ಆಮೇಲೆ ಎನಿಮಾ, ಆಮೇಲೆ ಕ್ವಿನೈನು. ಅಷ್ಟಕ್ಕೂ ಬೇನೆ ಏಳದಿದ್ದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ. ಬಾರದ ಹೆರಿಗೆಯನ್ನು ಬರಿಸುವ ಕ್ರಮ ಇದು. ರೆಹಮತ್‌ಬಿ ಬಟ್ಟಲು ಹಿಡಿದು ಮಂಚದ ತನಕ ಹೋಗುತ್ತಾಳೆ, ತಿರುಗಿ ವರಾಂಡಕ್ಕೆ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಹಾಲು ಆರಿ ಕೆನೆಗಟ್ಟುತ್ತದೆ.

"ಏನ ಆಯಾ, ವರಾಂಡಾ ಅಳೀಲಿಕತ್ತೀಯೇನ?" ನರ್ಸ್ ಗೌರಕ್ಕ ಕೆಣಕುತ್ತಾಳೆ.

"ನಿಂತಲ್ಲೆ ನಿಲ್ಲಾಕ ಆಗವಲ್ತು ಅಕ್ಕಾರ. ಆ ಹೊಟ್ಟಿ ನೋಡಿದಾಗಿಂದ ಕೈ ಏಳವಲ್ದು."

ರೆಹಮತ್‌ಬಿಗೆ ನಲವತ್ತಾರು. ಗಂಡ ಹತ್ತಿ ಜಿನ್ನಿನ ಗಿರಣಿಯ ಧೂಳು ಕುಡಿದು ಕುಡಿದು ಕೆಮ್ಮಿ ತೀರಿಕೊಂಡ ವರ್ಷ ಇಲ್ಲಿ ಕಸ ಹೊಡೆಯಲು ಸೇರಿದವಳು. ಇಪ್ಪತ್ತೆರಡು ವರ್ಷವಾಯಿತು, ಬೈರಿದೇವರಕೊಪ್ಪದಿಂದ ನಸುಕಿನಲ್ಲೇ ನಡೆದು ಬರುತ್ತಾಳೆ. ಹನ್ನೆರಡು ಮಂಚ, ದಿನಕ್ಕೆ ನಲವತ್ತು ಕೊಡ ಬಿಸಿನೀರು, ಒಗೆದಷ್ಟೂ ಮುಗಿಯದ ಅರಿವೆ. ಓದು ಬಾರದು. ಆದರೆ ಯಾವ ಮಂಚದವಳಿಗೆ ಏನು ಕುಡಿಸಿದ್ದು, ಏನಾಯಿತು ಎಂಬುದೆಲ್ಲ ತಲೆಯಲ್ಲಿದೆ, ಕೇಳಿದವರಿಗೆ ಹೇಳುತ್ತಾಳೆ.

"ಹಿಂದ ಒಮ್ಮೆ ಹಡದಾಕಿ ಇದ್ದಳಂದ್ರ ಹತ್ತರಾಗ ಏಳು ಮಂದಿಗೆ ಸಂಜಿ ಒಳಗ ಬ್ಯಾನಿ ಬರ್ತಾವ್ರಿ. ಚೊಚ್ಚಲದಾಕಿಗೆ ನಾಕು ಅಂದ್ರ ಭಾಳ ಆತು. ಒಳಗ ಗರ್ಭದ ಬಾಯಿ ಮೆತ್ತಗಾಗಿರಬೇಕು, ದಿನಾ ತುಂಬಿರಬೇಕು. ಇಲ್ಲಂದ್ರ ಎಣ್ಣಿ ಕುಡದ ಹುಡುಗಿ ಸುಸ್ತಾಗತಾಳ, ಕೂಸು ಜಗ್ಗಂಗಿಲ್ಲ."

ಹೋದ ವರ್ಷ ಒಬ್ಬಳಿಗೆ ಹೀಗೇ ಮೂರು ದಿನ ಔಷಧ ನಡೆಯಿತು. ಕಡೆಗೆ ಬಂದ ಕೂಸಿಗೆ ಉಗುರೂ ಪೂರಾ ಮೂಡಿರಲಿಲ್ಲ, ಅಳದೆಯೇ ಹೋಯಿತು. "ನನಗ ಮೊದಲ ಹೊಳದಿತ್ರಿ, ದಿನಾ ತುಂಬಿಲ್ಲಂತ. ಆಯಾ ಮಾತು ಯಾರ ಕೇಳತಾರಂತ ಬಾಯಿ ಮುಚಗೊಂಡ ಕುಂತೆ." ಇಷ್ಟು ಹೇಳಿ ರೆಹಮತ್‌ಬಿ ಎದ್ದು ಅತ್ತ ಹೋಗುತ್ತಾಳೆ.

ಮಂದಾಕಿನಿಯನ್ನು ನಿನ್ನೆ ಕರೆತಂದವನು ಗಂಡ ಯಜ್ಞೇಶ್ವರ, ಕಚೇರಿಯ ಗುಮಾಸ್ತ. ಅತ್ತೆ ಅಂಬಾಬಾಯಿ ಉಪ್ಪಿನಬೆಟಗೇರಿಯಲ್ಲಿದ್ದಾಳೆ. ಎಷ್ಟು ತಿಂಗಳು ಎಂದು ಡಾಕ್ಟರ್ ಕಾಶೀಬಾಯಿ ಕೇಳಿದಾಗ ಅವನು ಬೆರಳು ಮಡಚಿದ: ವೈಶಾಖದಲ್ಲಿ ಸೀಮಂತದ ಕುಬಸ, ಕುಬಸವೆಂದರೆ ಏಳನೆಯ ತಿಂಗಳು, ಅಧಿಕಮಾಸ ಸೇರಿಸಿ ಶ್ರಾವಣದ ತನಕ ಹತ್ತು ದಾಟಿತು. ಹೊಟ್ಟೆ ಸಣ್ಣದು, ದಿನ ಮೀರಿ ಕೂಸು ಒಳಗೇ ಸೊರಗುತ್ತಿದೆ ಎಂದು ಡಾಕ್ಟರಿಗೂ ಭಯವಾಯಿತು. ಮಹಾಯುದ್ಧದಿಂದಾಗಿ ಸಿಗದಂತಾದ ಕ್ವಿನೈನನ್ನು ಬೀಗ ತೆಗೆದು ಕೊಟ್ಟರು.

ಬಟ್ಟಲು ಕೆಳಗಿಟ್ಟು ರೆಹಮತ್‌ಬಿ ಮಂಚದ ಮಗ್ಗುಲಿಗೆ ಕೂರುತ್ತಾಳೆ.

"ಬೇಟೀ, ಕೂಸು ಮೊದಲ ಯಾವಾಗ ಒದೀತು? ಕುಬಸಕ್ಕಿಂತ ಮೊದಲೋ, ಆಮ್ಯಾಲೋ?"

ಹದಿನೇಳರ ಹುಡುಗಿ ನಾಚಿ ಸೆರಗು ಕಚ್ಚುತ್ತಾಳೆ. "ಕುಬಸ ಆಗಿ ಎಂಟು ದಿನಕ್ಕ."

"ಮತ್ತ ಡಾಕ್ಟರಿಗೆ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ. ಅವರು ಹೇಳ್ಯಾರಲಾ ಅಂತ ಸುಮ್ಮನಾದೆ."

ಚೊಚ್ಚಲಿಗೆ ಕೂಸಿನ ಒದೆತ ತಿಳಿಯುವುದು ಐದನೆಯ ತಿಂಗಳಲ್ಲಿ. ಕುಬಸದ ದಿನ ಏಳಾಗಿದ್ದರೆ ಅಷ್ಟರೊಳಗೆ ಅದು ಹೊಟ್ಟೆಯಲ್ಲಿ ಕುಣಿದಾಡಬೇಕಿತ್ತು. ರೆಹಮತ್‌ಬಿ ಎದ್ದವಳೇ ಡಾಕ್ಟರ ಕೋಣೆಯ ಬಾಗಿಲಿಗೆ ಹೋಗುತ್ತಾಳೆ.

"ಬಾಯಿಸಾಹೇಬ್ರ, ನಾ ಎಣ್ಣಿ ಕುಡಿಸಿಲ್ರಿ."

"ಯಾಕ? ನೀ ಯಾವಾಗ ಡಾಕ್ಟರಾದಿ?"

"ಬೇಕಾದ್ರ ಇವತ್ತ ನೌಕರಿ ಬಿಡಸ್ರಿ. ಆದ್ರ ಆ ಹುಡುಗೀನ್ನ ಒಂದ ಮಾತು ಕೇಳ್ರಿ. ಗಂಡನ್ನ ಅಲ್ಲ."

ಕಾಶೀಬಾಯಿ ಸಿಡುಕುತ್ತಲೇ ಬರುತ್ತಾರೆ, ಹುಡುಗಿಯನ್ನು ಕೇಳುತ್ತಾರೆ, ಕೈಯಿಂದ ಪರೀಕ್ಷಿಸುತ್ತಾರೆ. ಗರ್ಭದ ಬಾಯಿ ಗಟ್ಟಿಯಾಗಿ ಮುಚ್ಚಿದೆ. ಕ್ವಿನೈನು ಮತ್ತೆ ಬೀಗದೊಳಗೆ ಹೋಗುತ್ತದೆ. ಯಜ್ಞೇಶ್ವರ ತಾಯಿಯನ್ನು ಕರೆತರಲು ಊರಿಗೆ ಹೋಗುತ್ತಾನೆ. ಸಂಜೆ ಬಂದ ಅಂಬಾಬಾಯಿ ಮಗನಿಗೆ ವಾರ್ಡೆಲ್ಲ ಕೇಳುವಂತೆ ಬೈಯುತ್ತಾಳೆ. "ಏಳನೇ ತಿಂಗಳು ಬೀಳೂದು ಅಧಿಕದಾಗ, ಅಧಿಕದಾಗ ಕುಬಸ ಮಾಡತಾರೇನೋ ಶ್ಯಾಣ್ಯಾ? ಅದರ ಬೆನ್ನಿಗೆ ಆಷಾಢ. ಅದಕ್ಕಂತ ಐದರಾಗ ಮುಗಿಸಿದ್ವಿ. ನಿನಗ ಬುಂದೆ ತಿಂದದ್ದಷ್ಟ ನೆನಪು!"

ಆದರೂ ರೆಹಮತ್‌ಬಿಗೆ ಸಮಾಧಾನವಿಲ್ಲ. ತನ್ನ ಲೆಕ್ಕವೇ ತಪ್ಪಿದ್ದು, ಕೂಸು ನಿಜಕ್ಕೂ ಸೊರಗುತ್ತಿದ್ದರೆ? ಮಂದಾಕಿನಿ ಮನೆಗೆ ಹೋದ ಮೇಲೂ ಗೇಟಿನಲ್ಲಿ ಟಾಂಗಾ ನಿಂತಾಗಲೆಲ್ಲ ಕೊಡ ಇಳಿಸಿ ಓಡುತ್ತಾಳೆ. ಒಂದು ವಾರ, ಮೂರು ವಾರ, ಐದು ವಾರ. ಭಾದ್ರಪದ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಮಂದಾಕಿನಿ ಟಾಂಗಾದಿಂದ ಚೀರುತ್ತಲೇ ಇಳಿಯುತ್ತಾಳೆ. ಮಧ್ಯಾಹ್ನಕ್ಕೆ ಆರೂವರೆ ಪೌಂಡಿನ ಹೆಣ್ಣುಕೂಸು. ಅದರ ಅಳು ವರಾಂಡದ ಕೊನೆಗೂ ಕೇಳುತ್ತದೆ.

ಡಾಕ್ಟರು ಏನಾದರೂ ಅಂದರೇ ಎಂದು ಕೇಳಿದರೆ ರೆಹಮತ್‌ಬಿ ಕೂಸಿನ ಉಗುರುಗಳನ್ನು ಒಂದೊಂದಾಗಿ ಒರೆಸುತ್ತ ನಗುತ್ತಾಳೆ.

"ಏನ್ ಅನ್ನಬೇಕ್ರಿ? ಈ ಕೂಸನ್ನ ಯಾರೂ ಕರದ ತರಲಿಲ್ಲ, ತಾನ ಬಂತು. ನಾ ಬರೇ ಅದರ ದಾರ್‍ಯಾಗ ಯಾರೂ ಕೈ ಹಾಕದಂಗ ನಿಂತಿದ್ದೆ."